ಬೆಂಚಿನಿಂದ ಬರುವ ಎಸೆತ

ಅಮೆರಿಕದಲ್ಲಿ ಹನ್ನೆರಡು ವರ್ಷದೊಳಗಿನ ಹುಡುಗಿಯರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಪಂದ್ಯ ನೋಡಿದವರಿಗೆ ಈ ದೃಶ್ಯ ಗೊತ್ತು. ಹೋಮ್ ಪ್ಲೇಟಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತ ಕ್ಯಾಚರ್ ಪ್ರತಿ ಎಸೆತಕ್ಕೂ ಮೊದಲು ತನ್ನ ಡಗ್‌ಔಟಿನ ಕಡೆ ಕತ್ತು ಹೊರಳಿಸುತ್ತಾಳೆ. ಅಲ್ಲಿಂದ ಕೋಚ್ ಮೂರು ಅಂಕಿ ಕೂಗುತ್ತಾರೆ. ಕ್ಯಾಚರ್ ಮುಂಗೈಗೆ ಕಟ್ಟಿದ ರಿಸ್ಟ್‌ಬ್ಯಾಂಡ್ ನೋಡುತ್ತಾಳೆ. ಅದರಲ್ಲಿ ಸಣ್ಣ ಅಕ್ಷರದ ಕೋಷ್ಟಕ; ಕೂಗಿದ ಸಂಖ್ಯೆಯ ಮನೆಯಲ್ಲಿ ಯಾವ ಎಸೆತ, ಪ್ಲೇಟಿನ ಯಾವ ಬದಿಗೆ ಎಂದು ಬರೆದಿರುತ್ತದೆ. ಎಷ್ಟೋ ತಂಡಗಳಲ್ಲಿ ಪಿಚರ್ ಕೈಯಲ್ಲೂ ಅದೇ ಪಟ್ಟಿ. ಇಬ್ಬರೂ ಓದಿ ತಲೆಯೆತ್ತುವಷ್ಟರಲ್ಲಿ ಬ್ಯಾಟರ್ ಅರ್ಧ ಹೆಜ್ಜೆ ಮುಂದೆ ಸರಿದು ನಿಂತಿರುತ್ತಾಳೆ. ಅದನ್ನು ಗಮನಿಸಬೇಕಾಗಿದ್ದ ಎರಡು ಜೊತೆ ಕಣ್ಣುಗಳು ಆ ಹೊತ್ತಿಗೆ ಕೋಷ್ಟಕದ ಮೇಲಿದ್ದವು.

ಎಸೆತದ ಆಯ್ಕೆಯನ್ನು ಹೀಗೆ ದೊಡ್ಡವರು ಕೈಗೆ ತೆಗೆದುಕೊಳ್ಳುವುದು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದೊಳಗಿನವರ ತಂಡಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಆಟ ಇರುವುದೇ ಹೀಗೆ ಎಂದು ಮಕ್ಕಳೂ ಪೋಷಕರೂ ನಂಬಿದ್ದಾರೆ. ನನಗೆ ಇದು ಕೆಟ್ಟ ಪದ್ಧತಿಯಾಗಿ ಕಾಣುತ್ತದೆ. ಎಸೆತ ಆರಿಸಲು ಬೇಕಾದ ಮಾಹಿತಿಯ ಬಹುಪಾಲು ಪ್ಲೇಟಿನ ಸುತ್ತ ಮೂರು ನಾಲ್ಕು ಅಡಿಯೊಳಗೆ ಇರುತ್ತದೆ. ಆರಿಸುವವರು ಮಾತ್ರ ಅಲ್ಲಿಂದ ದೂರ, ಬೇಲಿಯ ಹಿಂದೆ ಬಕೆಟ್ ಮೇಲೆ ಕುಳಿತಿರುತ್ತಾರೆ.

ಕ್ರಿಕೆಟ್ಟಿನ ಕಣ್ಣಿಂದ ನೋಡುವ ನಮಗೆ ಮೊದಲು ಅಳತೆಗಳು ತಿಳಿದಿರಬೇಕು. ಕ್ರಿಕೆಟ್ ಪಿಚ್ 66 ಅಡಿ ಉದ್ದ. ಸಾಫ್ಟ್‌ಬಾಲಿನಲ್ಲಿ ಪಿಚರ್ ಕಾಲಿಡುವ ರಬ್ಬರ್ ಪಟ್ಟಿಯಿಂದ ಹೋಮ್ ಪ್ಲೇಟಿಗೆ ಹತ್ತರೊಳಗಿನವರಿಗೆ 35 ಅಡಿ, ಹನ್ನೆರಡರೊಳಗಿನವರಿಗೆ 40, ಹೈಸ್ಕೂಲು ಮತ್ತು ಕಾಲೇಜಿನವರಿಗೆ 43. ತೋಳನ್ನು ಪೂರ್ತಿ ಒಂದು ಸುತ್ತು ಬೀಸಿ ತೊಡೆಯ ಪಕ್ಕದಿಂದ ಚೆಂಡು ಬಿಡುವಾಗ ಪಿಚರ್ ಇನ್ನೂ ಐದಾರು ಅಡಿ ಮುಂದೆ ಬಂದಿರುತ್ತಾಳೆ. ಗಂಟೆಗೆ 50 ಮೈಲಿ, ಅಂದರೆ 80 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಮುಂದಿರುತ್ತದೆ. ನೆಲಕ್ಕೆ ಬಿದ್ದು ತಿರುಗುವ ಪ್ರಶ್ನೆಯೇ ಇಲ್ಲ. ವೇಗ, ಎತ್ತರ, ಬದಿ, ಗಾಳಿಯಲ್ಲಿನ ಬಾಗು, ಇಷ್ಟರಲ್ಲೇ ಎಲ್ಲ ಉಪಾಯ.

ಓಕ್ಲಹೋಮ ಸಿಟಿಯಲ್ಲಿ ನಡೆಯುವ ಕಾಲೇಜು ವರ್ಲ್ಡ್ ಸೀರೀಸ್ ಅನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳಿಗೆ ಆರು ಹೆಸರುಗಳು ಬಾಯಿಪಾಠ: ಫಾಸ್ಟ್‌ಬಾಲ್, ಚೇಂಜ್‌ಅಪ್, ಡ್ರಾಪ್, ರೈಸ್, ಕರ್ವ್, ಸ್ಕ್ರೂ. ಹನ್ನೊಂದರ ಹುಡುಗಿಯ ರಿಸ್ಟ್‌ಬ್ಯಾಂಡಿನಲ್ಲೂ ಈ ಆರೂ ಇರುತ್ತವೆ. ಅವಳ ಕೈಗೆ ನಿಜವಾಗಿ ಒಲಿದಿರುವುದು ಎರಡು, ಹೆಚ್ಚೆಂದರೆ ಮೂರು. ರೈಸ್ ಬಾಲನ್ನೇ ನೋಡಿ. ನುರಿತವರು ಎಸೆದಾಗಲೂ ಅದು ನಡುದಾರಿಯಲ್ಲಿ ಮೇಲಕ್ಕೆ ನೆಗೆಯುವುದಿಲ್ಲ. ಹಿಮ್ಮುಖ ಸುತ್ತಿನ ಬಲದಿಂದ ಬ್ಯಾಟರ್ ಎಣಿಸಿದಷ್ಟು ಇಳಿಯುವುದಿಲ್ಲ, ಅಷ್ಟೇ. ಆ ಭ್ರಮೆ ಹುಟ್ಟಲು ಒಳ್ಳೆಯ ವೇಗವೂ ಅಚ್ಚುಕಟ್ಟಾದ ಹಿಮ್ಮುಖ ಸುತ್ತೂ ಬೇಕು. ಈ ವಯಸ್ಸಿನಲ್ಲಿ ಹೆಚ್ಚಿನವರ ಚೆಂಡು ಬಂದೂಕಿನ ಗುಂಡಿನ ಹಾಗೆ ತನ್ನ ದಾರಿಯನ್ನೇ ಅಕ್ಷವಾಗಿ ಮಾಡಿಕೊಂಡು ಸುತ್ತುತ್ತದೆ. ಹಾಗಾಗಿ ಕೋಷ್ಟಕದಲ್ಲಿ ರೈಸ್ ಎಂದಿದ್ದದ್ದು ಗಾಳಿಯಲ್ಲಿ ಎತ್ತರದ ಫಾಸ್ಟ್‌ಬಾಲ್ ಆಗಿ ಹೋಗುತ್ತದೆ. ಮೋನಿಕಾ ಅಬ್ಬಾಟ್ 2012ರಲ್ಲಿ ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದು ದಾಖಲೆ ಮಾಡಿದವರು. ಕ್ಯಾಟ್ ಆಸ್ಟರ್‌ಮನ್ ಅವರಿಗೆ ಅಂಥ ವೇಗವಿರಲಿಲ್ಲ. ಡ್ರಾಪ್ ಮತ್ತು ಕರ್ವ್ ನಂಬಿಕೊಂಡೇ 2004ರ ಒಲಿಂಪಿಕ್ ಚಿನ್ನದ ತಂಡದಲ್ಲಿದ್ದರು. ಅವರಂಥವರಿಗೇ ನೆಚ್ಚಿನ ಎಸೆತಗಳು ಒಂದೆರಡು ಇರುವಾಗ ಆರನೇ ತರಗತಿಯ ಹುಡುಗಿಗೆ ಆರು ಹೊರಿಸುವುದು ಅನ್ಯಾಯ. ಬದಿ ತಪ್ಪದ ಫಾಸ್ಟ್‌ಬಾಲ್, ತೋಳಿನ ಬೀಸು ಬದಲಾಗದೆ ವೇಗ ಮಾತ್ರ ತಗ್ಗುವ ಚೇಂಜ್‌ಅಪ್ ಇದ್ದರೆ ಆ ವಯಸ್ಸಿನಲ್ಲಿ ಆರಿಸುವುದಕ್ಕೆ ಬೇಕಾದಷ್ಟಾಯಿತು.

ಆರಿಸುವ ಕೆಲಸ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಒಂದು ಸಂದರ್ಭ ಹೇಳುತ್ತೇನೆ. ಬಲಗೈ ಬ್ಯಾಟರ್ ಒಬ್ಬಳು ಎರಡು ಫಾಸ್ಟ್‌ಬಾಲ್‌ಗಳನ್ನು ಮೊದಲ ಬೇಸ್ ಬದಿಯ ಫೌಲ್ ಜಾಗಕ್ಕೆ ಹೊಡೆದಿದ್ದಾಳೆ. ಎರಡು ಸ್ಟ್ರೈಕ್ ಆಗಿವೆ. ಬೆಂಚಿನಿಂದ ಬರುವ ಸಂಖ್ಯೆ ಈಗ ಬಹುತೇಕ ಚೇಂಜ್‌ಅಪ್‌ನದು, ಏಕೆಂದರೆ ಎರಡು ಸ್ಟ್ರೈಕ್ ಆದಾಗ ಅದನ್ನು ಎಸೆಯುವುದು ರೂಢಿ. ಆದರೆ ಚೆಂಡು ಆ ಕಡೆಗೆ ಹೋಗುತ್ತಿರುವುದು ಬ್ಯಾಟ್ ತಡವಾಗಿ ಬರುತ್ತಿರುವುದರಿಂದ ಇರಬಹುದು. ಹಾಗಿದ್ದರೆ ಹತ್ತು ಹನ್ನೆರಡು ಮೈಲಿ ನಿಧಾನದ ಚೆಂಡು ಅವಳಿಗೆ ಕೊಟ್ಟ ಉಡುಗೊರೆ. ಅವಳ ಬ್ಯಾಟಿಗೆ ಬೇಕಿದ್ದ ಸಮಯವನ್ನು ನಾವೇ ಒದಗಿಸಿದಂತೆ. ಅವಳಿಗೆ ಮತ್ತೊಂದು ಫಾಸ್ಟ್‌ಬಾಲನ್ನು, ಒಳಬದಿಗೆ, ಎಸೆಯಬೇಕು. ಅಥವಾ ಎರಡೂ ಎಸೆತಗಳು ಹೊರಬದಿಗೆ ಹೋಗಿದ್ದರಿಂದ, ಸಮಯ ಸರಿಯಿದ್ದೂ ತೋಳು ಚಾಚಿ ಹೊಡೆದಿರಬಹುದು. ಆಗ ಲೆಕ್ಕ ಬೇರೆ. ಅದೇ ಫೌಲ್ ಮೂರನೇ ಬೇಸ್ ಬದಿಗೆ ರಭಸದಿಂದ ಹೋಗಿದ್ದರೆ ಅವಳು ಅವಸರದಲ್ಲಿದ್ದಾಳೆ, ಚೇಂಜ್‌ಅಪ್ ಅವಳಿಗೇ ಮಾಡಿಸಿದಂತಿರುತ್ತದೆ. ಮುಂದಿನ ಕಾಲು ಯಾವಾಗ ನೆಲ ಮುಟ್ಟಿತು, ಸೊಂಟ ಮೊದಲೇ ತೆರೆದುಕೊಂಡಿತೇ, ಬ್ಯಾಟಿನ ಸದ್ದು ಮೊಂಡಾಗಿತ್ತೇ ಎನ್ನುವುದು ತೀರ್ಮಾನಕ್ಕೆ ಬೇಕು. ಇವೆಲ್ಲ ಕ್ಯಾಚರಿನ ಮುಖದ ಮುಂದೆಯೇ ನಡೆಯುತ್ತವೆ.

ಬೆಂಚಿನಿಂದ ಕಾಣುವುದು ಚೆಂಡಿನ ಎತ್ತರ. ಅದು ಪ್ಲೇಟಿನ ಒಳಬದಿಗೆ ಬಂತೋ ಹೊರಬದಿಗೋ ಎಂಬುದು ಪಕ್ಕದಿಂದ ನೋಡುವವರಿಗೆ ಸರಿಯಾಗಿ ಕಾಣುವುದಿಲ್ಲ. ಆ ದಿನದ ಅಂಪೈರ್ ಹೊರಗಿನ ಮೂಲೆಗೆ ಸ್ಟ್ರೈಕ್ ಕೊಡುತ್ತಿದ್ದಾರೋ ಇಲ್ಲವೋ ಎಂಬುದು ಎರಡನೇ ಇನ್ನಿಂಗ್ಸ್ ಹೊತ್ತಿಗೆ ಕ್ಯಾಚರಿಗೆ ತಿಳಿದಿರುತ್ತದೆ. ಮೂರನೇ ಬೇಸಿನಲ್ಲಿ ಎದುರಾಳಿ ಓಟಗಾರ್ತಿ ಕಾದಿರುವಾಗ ನೆಲಕ್ಕಿಳಿಯುವ ಡ್ರಾಪ್ ಬಾಲನ್ನು ಎದೆಯೊಡ್ಡಿ ತಡೆಯುವ ಧೈರ್ಯ ಇವತ್ತು ತನಗಿದೆಯೇ ಎಂಬುದನ್ನು ಅವಳಲ್ಲದೆ ಇನ್ನಾರೂ ಹೇಳಲಾರರು. ಅದು ತಪ್ಪಿ ಹಿಂದೆ ಹೋದರೆ ಒಂದು ರನ್. ಈ ಅನುಮಾನವನ್ನು ಕೋಷ್ಟಕದಲ್ಲಿ ಬರೆಯಲು ಜಾಗವಿಲ್ಲ.

ಕೋಚ್‌ಗಳ ಕಡೆಯ ಮಾತೂ ತೂಕದ್ದೇ. ಅವರ ಬಳಿ ಎದುರಾಳಿ ಬ್ಯಾಟರ್‌ಗಳ ಹಿಂದಿನ ಆಟದ ಟಿಪ್ಪಣಿ ಇರುತ್ತದೆ. ಹುಡುಗಿಯರು ತೋಚಿದ ಹಾಗೆ ಒಂದೇ ಎಸೆತವನ್ನು ಮತ್ತೆ ಮತ್ತೆ ಕೇಳಬಹುದು. ಕಾಲೇಜಿನಲ್ಲೂ ಕೋಚ್‌ಗಳೇ ಎಸೆತ ಹೇಳುತ್ತಾರೆ, ಹಾಗಾಗಿ ಮಕ್ಕಳಿಗೆ ಈಗಲೇ ಅಭ್ಯಾಸವಾಗಲಿ ಎನ್ನುವವರಿದ್ದಾರೆ. ಇವುಗಳಿಗೆಲ್ಲ ಉತ್ತರ ಸುಲಭ. ನನ್ನನ್ನು ತಡೆದು ನಿಲ್ಲಿಸುವ ವಾದ ಇನ್ನೊಂದಿದೆ: ಎಸೆತ ದೊಡ್ಡವರು ಹೇಳಿದ್ದಾದರೆ ಹೋಮ್ ರನ್ ಹೊಡೆಸಿಕೊಂಡ ಹುಡುಗಿ ತನ್ನನ್ನು ತಾನು ದೂಷಿಸಿಕೊಳ್ಳುವುದಿಲ್ಲ. ಪಿಚರ್ ಒಬ್ಬಂಟಿಯಾಗಿ ನಿಲ್ಲುವ ಈ ಆಟದಲ್ಲಿ ಅದು ದೊಡ್ಡ ಆಸರೆಯೇ. ಆದರೆ ವಾಸ್ತವದಲ್ಲಿ ಆಸರೆ ಸಿಗುವುದು ಕಡಿಮೆ. ಎಸೆತ ಹೊಡೆತ ತಿಂದಾಗ ಬೆಂಚಿನಿಂದ ಕೇಳುವ ಮಾತು ನೀನು ಜಾಗ ತಪ್ಪಿಸಿದೆ ಎನ್ನುವುದೇ. ಆಯ್ಕೆ ಅವರದು, ತಪ್ಪು ಇವಳದು. ತಲೆಯಾಡಿಸಿ ಆ ಎಸೆತ ಬೇಡ ಎನ್ನುವ ಹಕ್ಕನ್ನೂ ಅನೇಕ ತಂಡಗಳು ಪಿಚರಿಗೆ ಕೊಡುವುದಿಲ್ಲ. ತನಗೆ ನಂಬಿಕೆಯಿಲ್ಲದ ಎಸೆತವನ್ನು ಎಸೆಯುವ ಕೈ ಬಿಗಿಯುತ್ತದೆ, ಬಿಗಿದ ಕೈ ಜಾಗ ತಪ್ಪಿಸುತ್ತದೆ.

ಬೆಂಚಿನ ನಿರ್ಧಾರ ಸರಿಯಿದ್ದರೂ ಸಾಲದು ಎನ್ನುವುದನ್ನು ದೊಡ್ಡವರ ಅಂಗಳದಲ್ಲೇ ಕಂಡೆವು. 2025ರ ಕಾಲೇಜು ವರ್ಲ್ಡ್ ಸೀರೀಸ್ ಫೈನಲ್ಸ್‌ನ ಮೊದಲ ಪಂದ್ಯ. ಟೆಕ್ಸಾಸ್ ಟೆಕ್ 1–0 ಮುಂದಿತ್ತು. ಆರನೇ ಇನ್ನಿಂಗ್ಸ್‌ನಲ್ಲಿ ಟೆಕ್ಸಾಸ್ ತಂಡದ ರೀಸ್ ಆಟ್ವುಡ್ ಅವರಿಗೆ ಬೇಕೆಂದೇ ಪ್ಲೇಟಿನಿಂದ ಆಚೆಗೆ ನಾಲ್ಕು ಬಾಲ್ ಹಾಕಿ ಮೊದಲ ಬೇಸ್ ಕೊಟ್ಟುಬಿಡುವ ತೀರ್ಮಾನವಾಯಿತು. ಮೊದಲ ಬೇಸ್ ಖಾಲಿ, ಎದುರಿಗೆ ಬಲಿಷ್ಠ ಬ್ಯಾಟರ್. ತರ್ಕ ಸರಿಯಾಗಿಯೇ ಇತ್ತು. ಮೂರು ಬಾಲ್ ಆದ ಮೇಲೆ ಟೆಕ್ಸಾಸ್ ಟೆಕ್ ಪಿಚರ್ ನೈಜಾರಿ ಕ್ಯಾನಡಿ ಎಸೆದ ಚೆಂಡು ಪ್ಲೇಟಿಗೆ ತುಸು ಹತ್ತಿರವಾಗಿ ಹೋಯಿತು. ಆಟ್ವುಡ್ ಅದನ್ನೇ ಹೊಡೆದರು, ಬೇಸಿನಲ್ಲಿದ್ದ ಇಬ್ಬರು ಓಟಗಾರ್ತಿಯರು ಹೋಮ್ ಪ್ಲೇಟ್ ಸೇರಿದರು, ಪಂದ್ಯ 2–1ಕ್ಕೆ ಟೆಕ್ಸಾಸ್ ಪಾಲಾಯಿತು. ದೇಶದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬರ ಕೈಯಲ್ಲೇ ಹೀಗಾಗಬಹುದಾದರೆ, ಆಯ್ಕೆಯನ್ನು ಎಸೆಯುವವಳಿಂದ ಬೇರ್ಪಡಿಸಿ ಪರಿಪೂರ್ಣಗೊಳಿಸುತ್ತೇವೆ ಎಂಬ ಕೋಷ್ಟಕದ ಹುಮ್ಮಸ್ಸಿಗೆ ಎಷ್ಟು ಬೆಲೆ?

ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನಲ್ಲೋ ಮಗಳನ್ನು ಸಾಫ್ಟ್‌ಬಾಲಿಗೆ ಸೇರಿಸಿದ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ಪದ್ಧತಿ ವಿಚಿತ್ರ ಎನಿಸಲು ಕಾರಣವಿದೆ. ನಾವು ಬೆಳೆದ ಆಟದಲ್ಲಿ ಮುಂದಿನ ಚೆಂಡು ಯಾವುದು ಎಂಬುದು ಮೈದಾನದೊಳಗೇ ತೀರ್ಮಾನವಾಗುತ್ತಿತ್ತು. 1971ರ ಆಗಸ್ಟ್, ಓವಲ್ ಮೈದಾನ. ಬಿ.ಎಸ್. ಚಂದ್ರಶೇಖರ್ ಇಂಗ್ಲೆಂಡಿನ ಜಾನ್ ಎಡ್ರಿಚ್‌ಗೆ ಗೂಗ್ಲಿ ಹಾಕುವ ಯೋಚನೆಯಲ್ಲಿದ್ದರು. ದಿಲೀಪ್ ಸರ್ದೇಸಾಯಿ ಆ ವರ್ಷದ ಡರ್ಬಿ ಗೆದ್ದ ಕುದುರೆ ಮಿಲ್ ರೀಫ್ ಹೆಸರು ಕೂಗಿದರು, ಅಂದರೆ ವೇಗದ ಚೆಂಡು ಹಾಕು ಎಂದು. ಚಂದ್ರ ಮನಸ್ಸು ಬದಲಿಸಿದರು, ಎಡ್ರಿಚ್ ಬೌಲ್ಡ್ ಆದರು. ಆ ಇನ್ನಿಂಗ್ಸ್‌ನಲ್ಲಿ ಚಂದ್ರ 38 ರನ್ನಿಗೆ ಆರು ವಿಕೆಟ್ ಕಿತ್ತರು. ಅದೂ ಹೊರಗಿನಿಂದ ಬಂದ ಸಲಹೆಯೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ಸಲಹೆ ಕೊಟ್ಟವರು ಅದೇ ಹುಲ್ಲಿನ ಮೇಲೆ ನಿಂತು ಅದೇ ಬ್ಯಾಟ್ಸ್‌ಮನ್ನನ್ನು ನೋಡುತ್ತಿದ್ದ ಜೊತೆಯಾಟಗಾರ. ಒಪ್ಪುವ, ಬಿಡುವ ಅಧಿಕಾರ ಪೂರ್ತಿ ಚಂದ್ರಶೇಖರರದೇ ಆಗಿತ್ತು.

ಹಾಗಾದರೆ ಕೋಚ್ ಮಾಡಬೇಕಾದ್ದೇನು? ಕೆಲಸ ಬೇಕಾದಷ್ಟಿದೆ, ಅದು ಎಸೆತಗಳ ನಡುವೆ ಇಲ್ಲ. ಹತ್ತರೊಳಗಿನ ತಂಡದಲ್ಲಿ ಎರಡೇ ಎಸೆತ, ಎರಡೇ ಬದಿ, ಕ್ಯಾಚರ್ ಬೆರಳಿನಲ್ಲಿ ಸಂಜ್ಞೆ ಮಾಡಲಿ. ಹನ್ನೆರಡರೊಳಗೆ ಬಂದಾಗ ಪಿಚರಿಗೆ ಬೇಡ ಎನ್ನುವ ಹಕ್ಕು ಸಿಗಲಿ. ಟಿಪ್ಪಣಿಗಳಿದ್ದರೆ ಪಂದ್ಯದ ಮೊದಲು ಇಬ್ಬರನ್ನೂ ಕೂರಿಸಿಕೊಂಡು ಓದಿ ಹೇಳಲಿ; ಇನ್ನಿಂಗ್ಸ್ ಮುಗಿಸಿ ಬಂದಾಗ ಆ ಮೂರನೇ ಬ್ಯಾಟರಿಗೆ ಚೇಂಜ್‌ಅಪ್ ಏಕೆ ಕೇಳಿದೆ ಎಂದು ಕ್ಯಾಚರನ್ನು ವಿಚಾರಿಸಲಿ, ಅವಳ ಉತ್ತರ ಮುಗಿಯುವ ತನಕ ಸುಮ್ಮನಿರಲಿ. ಮೊದಮೊದಲು ಉತ್ತರ ಬರುವುದಿಲ್ಲ. ಒಂದಷ್ಟು ಪಂದ್ಯಗಳು ಕೈತಪ್ಪುತ್ತವೆ, ಅದನ್ನು ಪೋಷಕರಿಗೆ ಮೊದಲೇ ತಿಳಿಸಿರಬೇಕು. ಡ್ರಾಪ್ ಹಾಕಬೇಕಿತ್ತು ಎಂದು ಕೋಚ್‌ಗೆ ಅನ್ನಿಸಿದ ಕಡೆ ಹುಡುಗಿ ಫಾಸ್ಟ್‌ಬಾಲ್ ಕೇಳಿ, ಅದು ಬೇಲಿ ದಾಟಿ ಹೋದರೂ, ಮುಂದಿನ ಇನ್ನಿಂಗ್ಸ್‌ನ ಸಂಜ್ಞೆಯೂ ಅವಳದೇ ಆಗಿರಬೇಕು.