ಉಪವಾಸವು ಉತ್ಸವವಾದ ವರ್ಷ: ಷೋಲೆಮರ ಗ್ರಂಥದ ವಿಮರ್ಶೆ

ಯೆಹೂದ್ಯರ ಮೆಸ್ಸೀಯ ನಂಬಿಕೆಯ ಚರಿತ್ರೆಯಲ್ಲಿ ಸ್ಮಿರ್ನಾ ನಗರದ ಸಬ್ಬತೈ ಸೆವಿಯ ಚಳವಳಿ (1665-66) ವಿಶಿಷ್ಟವಾದುದು. ಅದನ್ನು ಕುರಿತು ಗೆರ್ಷೋಮ್ ಷೋಲೆಮರು 1957ರಲ್ಲಿ ಹೀಬ್ರೂ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಅನಿವಾರ್ಯವಾದ ಆಕರ. ಸಫೆದ್ ನಗರದಲ್ಲಿ ಲೂರಿಯನು 16ನೆಯ ಶತಮಾನದಲ್ಲಿ ಬೋಧಿಸಿದ ಕಬ್ಬಾಲಾ ಎಂಬ ರಹಸ್ಯತತ್ತ್ವವು ಜನಮನವನ್ನು ಮೊದಲೇ ಸಿದ್ಧಗೊಳಿಸಿದ್ದುದೇ ಮುಖ್ಯ ಕಾರಣವೆಂಬುದು ಅವರ ವಾದ. ಆ ತತ್ತ್ವವು ಆಗ ಅಷ್ಟು ವ್ಯಾಪಕವಾಗಿರಲಿಲ್ಲವೆಂಬ ಮೋಷೆ ಇದೆಲರ ಆಕ್ಷೇಪವು ಯುಕ್ತವಾಗಿದೆ.

ಸಾಮಾನ್ಯ ಜನರಿಗೆ ತತ್ತ್ವಕ್ಕಿಂತ ಪಂಚಾಂಗವು ಹತ್ತಿರದ್ದು. ಆವ್ ಮಾಸದ 9ನೆಯ ದಿನ, ಯೆರೂಸಲೇಮಿನ ದೇವಾಲಯದ ನಾಶವನ್ನು ನೆನೆದು ಉಪವಾಸವಿರುವ ದಿನ. ಇಂತಹ ಉಪವಾಸಗಳು ಮುಂದೆ ಹರ್ಷದ ಹಬ್ಬಗಳಾಗುವುವೆಂಬುದು ಜೆಕರ್ಯನ ಪ್ರವಾದನೆ. 1666ರಲ್ಲಿ ಸಬ್ಬತೈಯು ಆ ದಿನವನ್ನು ತನ್ನ ಜನ್ಮೋತ್ಸವವೆಂದು ಸಾರಿದಾಗ, ಅಕ್ಷರವರಿಯದವನಿಗೂ ಅದರ ಅರ್ಥ ಹೊಳೆಯದಿರದು. ಇಸ್ರಾಯೇಲರು ಸ್ವದೇಶಕ್ಕೆ ಮರಳುವರೆಂಬ ಪ್ರವಾದನೆಯೂ ಹೀಗೆಯೇ ಮನೆಮನೆಯನ್ನು ಮುಟ್ಟಿತ್ತು. ಜರ್ಮನಿಯ ಗ್ಲಿಕೆಲ್ ಎಂಬಾಕೆಯ ಆತ್ಮಕಥೆಯ ಪ್ರಕಾರ, ಆಕೆಯ ಮಾವನು ಪುಣ್ಯಭೂಮಿಯ ಪ್ರಯಾಣಕ್ಕೆಂದು ಬಟ್ಟೆ, ಬಟಾಣಿ, ಒಣಮಾಂಸಗಳನ್ನು ಪೀಪಾಯಿಗಳಲ್ಲಿ ತುಂಬಿ ಹ್ಯಾಂಬರ್ಗಿಗೆ ಕಳುಹಿಸಿದ್ದನು.

1666ರ ಸೆಪ್ಟೆಂಬರಿನಲ್ಲಿ ಸಬ್ಬತೈಯು ಸುಲ್ತಾನನ ಸಮ್ಮುಖದಲ್ಲಿ ಇಸ್ಲಾಮನ್ನು ಸ್ವೀಕರಿಸಿದನು. ಆಮೇಲೂ ಅವನನ್ನು ಬಿಡದ ಅಲ್ಪಸಂಖ್ಯಾತರಿಗೆ ಸಮರ್ಥನೆಯಾಗಿ ತತ್ತ್ವವು ಬೇಕಾಯಿತು. ಅವರನ್ನು ವಿವರಿಸುವಲ್ಲಿ ಷೋಲೆಮರು ಅಸಮಾನರು. ಆದರೆ ಬಹುಜನರು ಆವ್ 9ರ ಉಪವಾಸಕ್ಕೆ ಹಿಂದಿರುಗಿದರು. ಅವರ ಆಸೆಯನ್ನೂ ನಿರಾಸೆಯನ್ನೂ ಅರಿಯಬೇಕಾದರೆ ಚರಿತ್ರಕಾರನು ತತ್ತ್ವಗ್ರಂಥಗಳ ಜೊತೆಗೆ ಪಂಚಾಂಗವನ್ನೂ ಪೀಪಾಯಿಗಳನ್ನೂ ಸಾಕ್ಷಿಗಳೆಂದು ಪರಿಗಣಿಸತಕ್ಕದ್ದು.