ಚಂದ್ರನಿಗೆ ರಜೆ ಕೊಡಿಸಿದ ಹಾಡು

ಕನ್ನಡದ ಹಾಡುಗಳಿಗೆ ಬಿಲ್‌ಬೋರ್ಡ್‌ನಂಥ ಪಟ್ಟಿ ಇರಲಿಲ್ಲ. ಎಷ್ಟು ಕ್ಯಾಸೆಟ್ಟು ಹೋಯಿತೆಂದು ಕಂಪನಿಯವರು ಹೇಳಿದ್ದೇ ಲೆಕ್ಕ. ಹಾಗಾಗಿ ‘ಮುಂಗಾರು ಮಳೆ’ಯ ‘ಅನಿಸುತಿದೆ’ ಎಷ್ಟನೇ ಸ್ಥಾನದಲ್ಲಿತ್ತು ಎಂಬುದನ್ನು ಬೆಂಗಳೂರಿನ ಹೊಸೂರು ರಸ್ತೆಯನ್ನೇ ಕೇಳಬೇಕು. 2006ರ ಡಿಸೆಂಬರ್ 29ರಂದು ತೆರೆಕಂಡ ಚಿತ್ರ, ಈ ರಸ್ತೆಯ ಕೋರಮಂಗಲದ ತುದಿಯಲ್ಲಿ, ಫೋರಂ ಮಾಲ್‌ನ ಪಿವಿಆರ್‌ನಲ್ಲಿ ವರ್ಷ ದಾಟಿ ಓಡಿತು. ಇತ್ತ ಕೂಡ್ಲು ಗೇಟ್, ಸಿಂಗಸಂದ್ರದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳು ನಿಂತಲ್ಲೇ ನಿಲ್ಲುತ್ತಿದ್ದವು. ಮೇಲ್ಸೇತುವೆ ಬಂದದ್ದು 2010ಕ್ಕೆ. ಅಲ್ಲಿಯವರೆಗೆ ಎಲ್ಲರೂ ಕೆಳಗೇ. ಡ್ರೈವರ್ ಪಕ್ಕದ ಎಫ್‌ಎಂನಲ್ಲೂ ಅದೇ ಹಾಡು, ಹಿಂದಿನ ಸೀಟಿನವನ ರಿಂಗ್‌ಟೋನೂ ಅದೇ. ಈಗ ಅದೇ ರಸ್ತೆಯ ಮೇಲೆ ಓಡುವ ಹಳದಿ ಮಾರ್ಗದ ಮೆಟ್ರೊದಲ್ಲಿ ಕಿವಿಗೊಂದು ಇಯರ್‌ಫೋನ್. ಕೋಟಿ ವೀಕ್ಷಣೆಯ ಹಾಡೂ ಪಕ್ಕದವನಿಗೆ ಗೊತ್ತಿರುವುದಿಲ್ಲ.

ಹಾಡು ಕಟ್ಟಿದವರೂ ಆ ಬಸ್ಸಿನ ಜನಕ್ಕೆ ದೂರದವರಲ್ಲ. ಸಂಗೀತ ಕೊಟ್ಟ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ತಂತ್ರಜ್ಞಾನ ಉದ್ಯಮಿ. ಬರೆದ ಜಯಂತ ಕಾಯ್ಕಿಣಿ ಮುಂಬೈಯ ಔಷಧ ಉದ್ಯಮದಲ್ಲಿ ದುಡಿದ ಕಥೆಗಾರ. ಟ್ಯೂನಿಗೆ ಮಾತು ತುಂಬುವಾಗ ಸಾಮಾನ್ಯವಾಗಿ ಮಾತೇ ಸೋಲುತ್ತದೆ, ಪ್ರಾಸ ಗೆಲ್ಲುತ್ತದೆ. ಇಲ್ಲಿ ಹಾಗಾಗಿಲ್ಲ. ತನ್ನವಳು ಇನ್ಯಾರದೋ ಕನಸಿಗೆ ಹೋದರೆ ತಳಮಳವಾಗದೆ ಇರುತ್ತದೆಯೇ ಅನ್ನುವುದು ಹುಡುಗನ ತಕರಾರು. ಇನ್ನು ಪ್ರೇಮಗೀತೆಗಳಲ್ಲಿ ದುಡಿದು ಹಣ್ಣಾದ ಚಂದ್ರ, ಅವಳ ಮುಖ ಕಂಡದ್ದೇ ರಜೆ ಚೀಟಿ ಕೊಟ್ಟು ಹೋಗುತ್ತಾನೆ. ಹಳೆಯ ಉಪಮೆಯನ್ನು ಇಷ್ಟು ನಯವಾಗಿ ಮನೆಗೆ ಕಳಿಸಿದ ಚಿತ್ರಗೀತೆ ಇನ್ನೊಂದು ನನಗೆ ನೆನಪಾಗುತ್ತಿಲ್ಲ. (ರಜೆ ಸಿಗದ ಸಾಫ್ಟ್‌ವೇರ್ ಹುಡುಗರಿಗೆ ಅದು ನಾಟಿದ್ದರಲ್ಲಿ ಆಶ್ಚರ್ಯವೇನು!) ಕನ್ನಡ ಮನೆಮಾತಲ್ಲದ ಸೋನು ನಿಗಮ್ ಎಲ್ಲೂ ಗಂಟಲು ಪ್ರದರ್ಶನಕ್ಕೆ ಇಳಿಯದೆ, ತಕರಾರನ್ನು ತಕರಾರಾಗಿಯೇ ಹಾಡಿದ್ದಾರೆ.

ವಾದ್ಯಮೇಳ ಮಾತ್ರ ಅತಿ ಸಿಹಿ. ಮಾತಿನಲ್ಲಿರುವ ತುಂಟತನ ಅದಕ್ಕೆ ಕೇಳಿಸಿಯೇ ಇಲ್ಲ.

ಗೆಲುವಿನ ಫಲ ಸಿನಿಮಾದವರ ಗಾಂಧಿನಗರ ಉಂಡಿತು. ಹಾಡಿನೊಳಗಿನ ಎರಡು ಪದ 2008ರಲ್ಲಿ ‘ಹಾಗೆ ಸುಮ್ಮನೆ’ ಎಂಬ ಸಿನಿಮಾದ ಹೆಸರೇ ಆಯಿತು. ನಿರ್ಮಾಪಕರಿಗೆಲ್ಲ ಒಂದು ಮಳೆ, ಒಬ್ಬ ಸೋನು, ಒಬ್ಬ ಕಾಯ್ಕಿಣಿ ಬೇಕಾದರು. ನಮ್ಮ ಗಾಯಕರು ಟ್ರ್ಯಾಕ್ ಹಾಡಿಕೊಟ್ಟು ಮನೆಗೆ ಹೋಗಬೇಕೆ ಎಂಬ ಗೊಣಗಾಟ ಸುಮ್ಮನೆ ಹುಟ್ಟಿದ್ದಲ್ಲ. ಕಾಯ್ಕಿಣಿಯವರೇ ಮುಂದೆ ಬರೆದ ಎಷ್ಟೋ ಹಾಡುಗಳಲ್ಲಿ ಕನಸು, ಹನಿ, ತಳಮಳ ಎಲ್ಲ ಧಾರಾಳವಾಗಿವೆ; ತುಂಟತನ ಮಾತ್ರ ಆ ಮಟ್ಟಕ್ಕೆ ಮತ್ತೆ ಏರಿದ್ದು ಕಡಿಮೆ.