ಹೆಸರು ಹಿಡಿದು ಕರೆಯುವ ಕಾಲೇಜು

ಉಮ್ಮತ್ತೂರಿನ ಕಡೆಯ ಮುಸ್ಲಿಂ ಮನೆಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಮೈಸೂರಿನ ಕ್ರೈಸ್ತ ಕಾಲೇಜಿನ ಹೆಸರೆತ್ತಿದರೆ ಹಿರಿಯರಿಂದ ಎರಡು ಪ್ರಶ್ನೆ ಬರುತ್ತದೆ. ಫೀಜು ಎಷ್ಟು? ನಮ್ಮ ದೀನ್ ಏನಾಗುತ್ತದೆ? ಓದಿ ಬಂದವರನ್ನು ಕೇಳಿದರೆ ಅವರು ಈ ಎರಡರ ಬಗ್ಗೆಯೂ ಹೆಚ್ಚು ಮಾತಾಡುವುದಿಲ್ಲ. "ಮೇಷ್ಟ್ರಿಗೆ ನಮ್ಮ ಹೆಸರು ಗೊತ್ತಿತ್ತು" ಎನ್ನುತ್ತಾರೆ.

ಈ ಮಾತು ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ ಸುಲಭಕ್ಕೆ ಸಿಗದು. ಕತೆ ಬರೆಯುವ ನಮಗೆ ಇಂಥ ಸಂಚಿಕೆಗಳನ್ನು ಓದುವ ಚಟವಿದೆ. ಶಿಸ್ತು, ಸೇವಾ ಮನೋಭಾವ, ಸರ್ವತೋಮುಖ ಬೆಳವಣಿಗೆ: ಬೀಳ್ಕೊಡುಗೆಯ ಲೇಖನ ಬರೆಯುವ ಹುಡುಗಿಯೂ ಪ್ರಾಸ್ಪೆಕ್ಟಸ್ಸಿನ ಭಾಷೆಯನ್ನೇ ಆಡುತ್ತಾಳೆ. ಮನಸ್ಸಿನ ಮಾತು ಎಲ್ಲೋ ಮೂಲೆಯ ಅರ್ಧ ವಾಕ್ಯದಲ್ಲಿ ಜಾರಿಬಿದ್ದಿರುತ್ತದೆ. ಎರಡು ದಿನ ಕ್ಲಾಸಿಗೆ ಬರದಿದ್ದಾಗ ಮೇಡಂ ವಿಚಾರಿಸಿದ್ದು. ರಂಜಾನಿನಲ್ಲಿ ಸಹರಿಗೆಂದು ಮೆಸ್ಸಿನವರು ರಾತ್ರಿಯೇ ಅನ್ನ ತೆಗೆದಿಟ್ಟದ್ದು. ಇಂಗ್ಲಿಷ್ ತಪ್ಪಿದಾಗ ಯಾರೂ ನಗದೇ ಇದ್ದದ್ದು. ಸಂಪಾದಕರು ಆ ಅರ್ಧ ವಾಕ್ಯವನ್ನೇ ಬೆಳೆಸಲು ಹೇಳಿದ್ದರೆ ಓದುವಂಥ ಬರಹ ಹುಟ್ಟುತ್ತಿತ್ತು.

ಉರ್ದುವಿನಲ್ಲಿ ತಾಲೀಮ್, ತರ್ಬಿಯತ್ ಎಂಬ ಪದಗಳು ಜೋಡಿಯಾಗಿ ಬರುತ್ತವೆ. ಪಾಠ ಕಲಿಸುವುದು ತಾಲೀಮ್. ಜೊತೆಗಿದ್ದು ಬೆಳೆಸುವುದು ತರ್ಬಿಯತ್. ಪ್ರಾಸ್ಪೆಕ್ಟಸ್ಸು ಮಾರುವುದು ಮೊದಲನೆಯದನ್ನು, ವಿದ್ಯಾರ್ಥಿ ನೆನಪಿಡುವುದು ಎರಡನೆಯದನ್ನು. ಎರಡನೆಯದು ನಡೆಯಬೇಕಾದರೆ ತರಗತಿ ಸಣ್ಣದಿರಬೇಕು.

ನಮ್ಮ ಆತಂಕವಿರುವುದು ಇಲ್ಲಿ. ಜೆಸುಯಿಟ್ ಪಾದ್ರಿಗಳು 1880ರಲ್ಲಿ ತೆರೆದ ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರ ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1969ರ ಕ್ರೈಸ್ಟ್ ಕಾಲೇಜು 2008ರಲ್ಲೇ ಆ ದಾರಿ ಹಿಡಿದು, ಇವತ್ತು ಕರ್ನಾಟಕದ ಹೊರಗೂ ಕ್ಯಾಂಪಸ್ ಹೊಂದಿದೆ. ಸ್ವಂತ ಪಠ್ಯ, ಸ್ವಂತ ಪರೀಕ್ಷೆ, ಸ್ವಂತ ಪದವಿ ಒಳ್ಳೆಯದೇ. ಆದರೆ ಸೀಟು, ಕೋರ್ಸುಗಳು ಹೆಚ್ಚಿದಂತೆ ಹೆಸರಿನ ಜಾಗಕ್ಕೆ ರಿಜಿಸ್ಟರ್ ನಂಬರ್ ಬರುತ್ತದೆ. ಹಾಗೆಂದು ಸಣ್ಣದಾಗಿದ್ದ ಮಾತ್ರಕ್ಕೆ ಉಳಿಗಾಲವೂ ಇಲ್ಲ. ನಮ್ಮ ಚಾಮರಾಜನಗರ ವಿಶ್ವವಿದ್ಯಾಲಯ 2023ರಲ್ಲಿ ಶುರುವಾಯಿತು. 2025ರಲ್ಲೇ ಅದನ್ನು ಮುಚ್ಚುವ ಮಾತು ಸರ್ಕಾರದ ಕಡೆಯಿಂದ ಬಂತು.

ಕನ್ನಡದ ವಿಚಾರವನ್ನೂ ಹೇಳಬೇಕು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಬಾಸೆಲ್ ಮಿಷನ್ನಿನವರು, ಪ್ರೊಟೆಸ್ಟೆಂಟರು. ಈ ಕಾಲೇಜುಗಳು ಕ್ಯಾಥೊಲಿಕರವು. ಆ ಪರಂಪರೆಯನ್ನು ಇವರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೂ ಕ್ರೈಸ್ತ ಸಂಸ್ಥೆಯೆಂದರೆ ಇಂಗ್ಲಿಷ್ ಎಂದು ನಂಬಿ ಬರುವ ಹಳ್ಳಿಯ ಹುಡುಗನಿಗೆ, ಕನ್ನಡವನ್ನು ಅಷ್ಟು ಆಸ್ಥೆಯಿಂದ ಕಲಿತ ಪಾದ್ರಿಗಳಿದ್ದರು ಎಂದು ಅಲ್ಲಿಯೇ ತಿಳಿಯಬೇಕಿತ್ತು. ನಾವು ನೋಡಿದ ಸಂಚಿಕೆಗಳಲ್ಲಿ ಕನ್ನಡ ವಿಭಾಗ ಹಿಂದಿನ ಹತ್ತು ಪುಟಕ್ಕೆ ಸರಿದಿದೆ.

ನಮ್ಮ ಸಮುದಾಯದ ಕಾಲೇಜುಗಳ ಸಂಚಿಕೆಗಳನ್ನೂ ಇದೇ ಕಣ್ಣಿನಿಂದ ಓದಿದ್ದೇವೆ. ಹೊಸ ಕಟ್ಟಡದ ಫೋಟೊ ಇದೆ, ಅತಿಥಿಗಳಿಗೆ ಹೊದಿಸಿದ ಶಾಲು ಇದೆ, ರ‍್ಯಾಂಕ್ ಬಂದವರ ಪಟ್ಟಿ ಇದೆ. ಶಿವರಾತ್ರಿಗೆ ಉಪವಾಸವಿದ್ದ ಹುಡುಗನಿಗೆ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಏನು ತೆಗೆದಿಟ್ಟಿದ್ದರು ಎಂಬುದು ಮಾತ್ರ ಯಾವುದರಲ್ಲೂ ಇಲ್ಲ.